ಕಳಕಪ್ಪ ಹೆಣೆಯದ ಹೊರಸು

ಕೇಳಿರಪ್ಪ, ಕೇಳಿರವ್ವ. ಒಂದು ಊರಿತ್ತು. ಹೆಸರು ಕೇಳಬೇಡಿ, ಹೇಳಿದರೆ ಅಲ್ಲಿಯವರು ಜಗಳಕ್ಕೆ ಬರುತ್ತಾರೆ. ಆ ಊರಲ್ಲಿ ಕಳಕಪ್ಪ ಅಂತ ಒಬ್ಬನಿದ್ದ. ಬಾಗಿಲು ಕಿತ್ತು ಬಂತು; ನಾಳೆ ನೋಡೋಣ ಅಂದ. ಮಾಳಿಗೆ ಸೋರಿತು, ನಾಳೆ ನೋಡೋಣ. ಅವನ ತಾಯಿ ನೀಲವ್ವ ಮಲಗುವ ಹೊರಸಿನ ಹಗ್ಗ ಜೋತುಬಿದ್ದು ಮುದುಕಿಯ ಬೆನ್ನು ನೆಲ ಮುಟ್ಟಿತು. ಅದೂ ನಾಳೆ.

"ಲೇ ಕಳಕ್ಯಾ, ನಾ ಹೊರಸಿನ ಮ್ಯಾಲೆ ಮಲಗೇನೋ, ಕುಣ್ಯಾಗ ಮಲಗೇನೋ?"

"ಇವತ್ತು ಸೋಮವಾರ ಯವ್ವಾ, ಬಸವಣ್ಣನ ವಾರ."

"ಅದು ಎತ್ತಿಗೆ ರಜಾ. ನೀ ಎತ್ತೇನು?"

ಮರುದಿನ ದ್ಯಾಮವ್ವನ ವಾರ. ಅದರ ಮರುದಿನ ಯಾವ ದೇವರದ್ದೂ ಅಲ್ಲ. ಅವತ್ತು ಆಕಳಿಕೆ ಬಂತು.

ಒಂದು ಮಧ್ಯಾಹ್ನ ಯಮದೂತ ಬಂದ. ಬಾಗಿಲೇ ಇಲ್ಲದ ಮೇಲೆ ತಟ್ಟುವುದೇನು? ನೇರ ಒಳಗೇ ಬಂದ.

"ನೀಲವ್ವಾ, ಏಳು. ಹೊತ್ತಾತು."

"ಏಳಾಕ ಬಂದಿದ್ರ ಏಳ್ತಿದ್ದಿಲ್ಲೇನೋ? ಮೊದಲು ಈ ಹೊರಸು ಬಿಗಿಯಾಗಲಿ. ಒಂದು ನಿದ್ದಿ ನೆಟ್ಟಗ ಮಾಡಿ ಬರ್ತೀನಿ."

ಯಮದೂತ ನಕ್ಕ. ಹೊರಸು ಹೆಣೆಯುವುದು ಎಷ್ಟರ ಕೆಲಸ? ಅದರ ಕಾಲು ಮುಟ್ಟಿ ಆಣೆಯಿಟ್ಟ. "ಈ ಹೊರಸಿನಾಣಿ, ಇದನ್ನ ಹೆಣಿಯೋತನಕ ನಿನ್ನ ಮುಟ್ಟೂದಿಲ್ಲ." ಪಾಪ, ಹೆಣೆಯುವವನು ಯಾರೆಂದು ಕೇಳಲಿಲ್ಲ.

ಮೂಲೆಯಲ್ಲಿದ್ದ ಕಳಕಪ್ಪ ಎಲ್ಲ ಕೇಳಿಸಿಕೊಂಡ. ಬರುತ್ತಿದ್ದ ಆಕಳಿಕೆ ಬಾಯಲ್ಲೇ ನಿಂತಿತು. ತಾಯಿ ಹೋದರೆ ಅವನನ್ನು ಕಳಕ್ಯಾ ಎಂದು ಬೈಯಲು ಲೋಕದಲ್ಲಿ ಇನ್ಯಾರಿದ್ದರು?

ಅವತ್ತಿನಿಂದ ನೋಡಿ ಅವನ ಅವಸರ! ತಾಯಿ "ಹೊರಸು ಹೆಣಿಯೋ" ಅಂದಳು. ಅವನು ಬಾಗಿಲು ಕೂರಿಸಿದ. "ಹೆಣಿಯೋ" ಅಂದಳು, ಮಾಳಿಗೆಗೆ ಮಣ್ಣು ಹಾಕಿದ. "ಹೆಣಿಯೋ ಮಾರಾಯಾ" ಅಂದಳು. ಊರ ಬಾವಿಗಿಳಿದು ಹೂಳು ತೆಗೆದ. ಊರವರು ಅವನ ಹಣೆ ಮುಟ್ಟಿ ಜ್ವರ ನೋಡಿದರು. ಯಮದೂತ ಬಂದು ಬಂದು ಕೇಳಿದ, "ಹೊರಸು ಆತೇನೋ?"

"ಕೈಯಾಗ ಕೆಲಸ ಐತ್ರಿ. ನಾಳೆ."

ಆದರೆ ಮುದುಕಿಯ ಬೆನ್ನು ಕೇಳಬೇಕಲ್ಲ? ಒಂದು ದಿನ ಅವಳು ಬೈಯಲಿಲ್ಲ. ಮೆಲ್ಲಗೆ ಅಂದಳು, "ಹೋಗಾಕ ನಾ ಅಂಜಿಲ್ಲಪ್ಪಾ. ಮಲಗಾಕ ಆಗವಲ್ದು."

ಬೈಗಳಿಗೆ ಬಗ್ಗದವನು ಅದಕ್ಕೆ ಕುಸಿದ. ಹೆಣೆದರೆ ತಾಯಿಯಿಲ್ಲ, ಹೆಣೆಯದಿದ್ದರೆ ತಾಯಿಗೆ ನಿದ್ದೆಯಿಲ್ಲ. ಹಗ್ಗ ಹಿಡಿದು ಕೂತೇ ಕೂತ. ಆಮೇಲೆ ಥಟ್ಟನೆ ಎದ್ದು ಬಡಿಗೇರ ಮನೆಗೆ ಓಡಿದ. ನಾಲ್ಕು ಕಾಲು ತಂದ, ಹೊಸ ಚೌಕಟ್ಟು ಕೂಡಿಸಿದ, ಮನೆಯ ಹಗ್ಗವನ್ನೆಲ್ಲ ಅದಕ್ಕೇ ಬಿಗಿದ. ತಾಯಿಯನ್ನು ಎತ್ತಿ ಮಲಗಿಸಿದ. ಗೊರಕೆಗೆ ಗಡಿಗೆಗಳು ಅಲುಗಿದವು.

ಯಮದೂತ ಬಂದು ಚಪ್ಪಾಳೆ ತಟ್ಟಿದ. "ಆತಲ್ಲ! ನಡಿ ನೀಲವ್ವಾ."

ಕಳಕಪ್ಪ ಅಡ್ಡ ಬಂದ. "ತಡೀರಿ ಎಪ್ಪಾ. ನೀವು ಆಣಿ ಮಾಡಿದ ಹೊರಸು ಅಲ್ಲೈತಿ."

ಹಳೆಯದು ಜೋತ ಹಗ್ಗವನ್ನೂ ಕಳೆದುಕೊಂಡು ಗೋಡೆಗೆ ಒರಗಿತ್ತು.

"ಹಂಗಾರ ಅದನ್ನ ಈಗ ಹೆಣಿ!"

"ಹಗ್ಗ ತೀರೇತ್ರಿ. ಹಗ್ಗಕ್ಕ ಪುಂಡಿ ಬಿತ್ತಬೇಕು. ಬೆಳೀಬೇಕು. ಕೆರಿಯಾಗ ಕೊಳೀಬೇಕು. ನಾರು ಸುಲದು ಹೊಸೀಬೇಕು. ಈಗಿನ್ನೂ ಬ್ಯಾಸಗಿ."

ಯಮದೂತ ತಲೆಯ ಮೇಲೆ ಕೈಹೊತ್ತು ಕೂತ. "ಇದನ್ನ ಯಮರಾಯಗ ಹೆಂಗ ಹೇಳ್ಲೋ?"

ಕಳಕಪ್ಪ ಒಂದು ತಂಬಿಗೆ ಮಜ್ಜಿಗೆ ತಂದಿಟ್ಟ. "ಕುಡೀರಿ. ಇವತ್ತೇ ಹೇಳಬೇಕಂತ ಏನೈತಿ?"

ಯಮದೂತ ಮಜ್ಜಿಗೆ ಕುಡಿದ, ಯೋಚಿಸಿದ, ನೆರಳಿಗೆ ಕಾಲು ಚಾಚಿದ.

ಕಥೆ ಕಟ್ಟೆಗೆ, ನಾವು ಮನೆಗೆ. ತಾಯಿ ಇದ್ದವರು ತುಸು ಬೇಗ ನಡೆಯಿರಿ.