ಮನೇಲಿ ತೆಲುಗು ಬೇಡ

ಚಿಂತಾಮಣಿ ಬಸ್ ನಿಲ್ದಾಣದಲ್ಲಿ ಕಾದು ಕಾದು ಗಂಗುಲಮ್ಮನ ಕಾಲು ಜೋಮು ಹಿಡಿದಿತ್ತು. ಪಕ್ಕದಲ್ಲೇ ಒಬ್ಬ ತಾಯಿ, ಮಡಿಲಲ್ಲಿ ಆರೇಳು ವರ್ಷದ ಮಗಳು. ಮಾತು ತಡವಾದ ಮಕ್ಕಳಿಗೆ ಶಾಲೆಯಲ್ಲಿ ಪಾಠ ಹೇಳುವ ಟೀಚರಮ್ಮ ಈ ತಾಯಿ-ಮಗಳನ್ನು ಕಂಡು ಬಂದು ನಿಂತರು. ಗಂಗುಲಮ್ಮನಿಗೆ ಕಿವಿ ಮುಚ್ಚಿಕೊಳ್ಳಲಾದೀತೇ?

“ಯಾಕಮ್ಮ ಕವಿತ, ಪಾಪೂನ ಸ್ಕೂಲಿಗೇ ಕಳಿಸ್ತಿಲ್ಲ?”

“ಕಳಿಸಿ ಏನ್ಮಾಡ್ಲಿ ಮಿಸ್? ಎರಡು ಭಾಷೆ ಆದ್ರೆ ಮಗೂಗೆ ಗೊಂದಲ, ಮನೇಲಿ ತೆಲುಗು ಬೇಡ ಅಂದ್ರಿ. ಅಜ್ಜಿ ಬಾಯೂ ಮುಚ್ಚಿಸ್ದೆ.”

“ಕನ್ನಡ ಬೇಗ ಬರ್ಲಿ ಅಂತ ಹೇಳ್ದೆ ಕಣಮ್ಮ.”

“ಇದ್ದ ನಾಲ್ಕು ಮಾತೂ ಹೋಯ್ತು. ಮುಂಚೆ ‘ಅಮ್ಮಾ, ನೀಳ್ಳು’ ಅಂತ ನೀರು ಕೇಳ್ತಿದ್ಲು. ಈಗ ಬರೀ ಚೊಂಬು ತೋರಿಸ್ತಾಳೆ.”

“ತಪ್ಪಾಯ್ತು ಕವಿತ. ಮನೆ ಮಾತು ಬಿಡಿಸ್ಬಾರ್ದು ಅಂತ ಈಗ ಟ್ರೈನಿಂಗಲ್ಲಿ ಹೇಳ್ತಾರೆ.”

“ನಿಮ್ಮೊಬ್ಬರದೇ ಅಲ್ಲ ಮಿಸ್. ತೆಲುಗಲ್ಲಿ ಕೇಳಿದ್ರೆ ನಾನು ನೀರೇ ಕೊಡ್ತಿರ್ಲಿಲ್ಲ.”

ತಾಯಿ-ಮಗಳು ಹತ್ತಬೇಕಿದ್ದ ಕೈವಾರದ ಬಸ್ಸು ಬಂತು. ಟೀಚರಮ್ಮ ಬಗ್ಗಿ ತಮ್ಮ ನೀರಿನ ಬಾಟಲಿ ಚಾಚಿ, “ನೀಳ್ಳು ಕಾವಾಲಾ, ತಲ್ಲೀ?” ಎಂದು ನೀರು ಬೇಕಾ ಅಂತ ತೆಲುಗಿನಲ್ಲೇ ಕೇಳಿದರು.

ಹುಡುಗಿ ಬಾಯಿ ತೆರೆದಳು. ಅಮ್ಮನ ಮುಖ ನೋಡಿ ಮುಚ್ಚಿಕೊಂಡಳು.

“ಹೇಳಮ್ಮ, ಬಯ್ಯಲ್ಲ,” ಎಂದು ಬಸ್ಸು ಹತ್ತುವವರೆಗೂ ತಾಯಿ ಗೋಗರೆಯುತ್ತಿದ್ದಳು, ಅದನ್ನೂ ಕನ್ನಡದಲ್ಲೇ.