ಗುರುವಾರದ ಲ್ಯಾಬ್

ಕಾಲೇಜು ಆಫೀಸಿನ ಸಾಲಿನಲ್ಲಿ, ಪಾರ್ಸೆಲ್ ಕೊಡಲು ಬಂದಿದ್ದ ಕೊರಿಯರಿನವನ ಮುಂದೆ ಒಬ್ಬ ಅಪ್ಪ, ಮಗಳು ನಿಂತಿದ್ದರು. ಮಗಳ ತೋಳಿಗೆ ಬೇಕರಿಯ ಮೈದಾಹಿಟ್ಟು ಮೆತ್ತಿತ್ತು. ಅವಳು ಮುಂದಿನ ವರ್ಷದ ವೇಳಾಪಟ್ಟಿಯನ್ನು ಪೆನ್ಸಿಲಿನಲ್ಲಿ ತುಂಬುತ್ತಿದ್ದಳು. ಅವರ ಮಾತು ಕೇಳಿಸದಂತೆ ಕೈಯೆತ್ತಿ ಕಿವಿ ಮುಚ್ಚಿಕೊಳ್ಳುವಷ್ಟು ಜಾಗವೂ ಕೊರಿಯರಿನವನಿಗೆ ಇರಲಿಲ್ಲ.

“ಬೆಳಿಗ್ಗೆ ಬೇಕರಿ. ಮಧ್ಯಾಹ್ನ ಗಣಿತ, ಫಿಸಿಕ್ಸ್ ಎರಡೂ ಕೂತ್ಕೊಳ್ತು. ಕೆಮಿಸ್ಟ್ರಿ ಲ್ಯಾಬ್ ಮಾತ್ರ ಆಗಲ್ಲಪ್ಪ, ಗುರುವಾರ ಇದೆ.”

“ಹಾಕು. ಲ್ಯಾಬ್ ಇಲ್ದೆ ಡಿಗ್ರಿ ಕೊಡ್ತಾರಾ?”

“ಗುರುವಾರ ನಿನ್ನ ಡಯಾಲಿಸಿಸ್ಸು.”

“ಒಬ್ನೇ ಹೋಗ್ತೀನಿ.”

“ಹೋದ ವಾರ ಆಸ್ಪತ್ರೆ ಮೆಟ್ಟಿಲ ಮೇಲೆ ಬಿದ್ದಿದ್ದು ಯಾರಪ್ಪ?”

“ಬೀಳ್ಲಿಲ್ಲ ಕಣೇ, ಕೂತ್ಕೊಂಡೆ. ಸ್ವಲ್ಪ ಜೋರಾಗಿ.”

ಮಗಳು ನಗಲಿಲ್ಲ.

“ಲ್ಯಾಬ್ ಶುರುವಾಗೋದು ಯಾವಾಗ?” ಅಪ್ಪ ಕೇಳಿದ.

“ಇನ್ನು ಆರು ತಿಂಗಳಿಗೆ.”

“ಹಾಗಾದ್ರೆ ಹಾಕಮ್ಮ. ಅಷ್ಟೊತ್ತಿಗೆ ನಿನ್ನ ಗುರುವಾರ ಖಾಲಿ ಇರುತ್ತೆ.”

“ಯಾರು ಹೇಳಿದ್ದು ಹಾಗಂತ?”

“ಡಾಕ್ಟ್ರು. ನೀನು ಮಾತ್ರೆ ತರೋಕೆ ಹೋಗಿದ್ಯಲ್ಲ, ಆಗ.”

ಪೆನ್ಸಿಲು ನಿಂತಿತು. ಆಮೇಲೆ ಮಗಳು ಗುರುವಾರದ ಚೌಕದಲ್ಲಿ ‘ಲ್ಯಾಬ್’ ಎಂದು, ಕಂಡೂ ಕಾಣದಷ್ಟು ತೆಳುವಾಗಿ ಬರೆದಳು.

ಅಪ್ಪ ಹಿಂದಕ್ಕೆ ತಿರುಗಿದ. “ಸ್ವಾಮಿ, ನಿಮ್ಮ ಪೆನ್ನು ಒಂಚೂರು ಕೊಡ್ತೀರಾ? ಇವಳನ್ನ ನಂಬೋ ಹಾಗಿಲ್ಲ, ಅಳಿಸಿಬಿಡ್ತಾಳೆ.”

ಕೊರಿಯರಿನವನು ಕೊಟ್ಟ. ಅಪ್ಪ ಹಾಳೆಯನ್ನು ಗೋಡೆಗೆ ಒತ್ತಿ ಹಿಡಿದು, ಮೊದಲ ಸಲ ಬರೆಯಲು ಕಲಿಯುವ ಮಗುವಿನ ಹಾಗೆ, ಮಗಳ ಅಕ್ಷರಗಳ ಮೇಲೆಯೇ ತಿದ್ದಿದ.

ಕಿಟಕಿಯೊಳಗಿನಿಂದ “ಮುಂದಿನವರು” ಎಂಬ ಕೂಗು ಬಂತು. ಇಬ್ಬರೂ ಪೆನ್ನಿನ ಸಮೇತ ಕಿಟಕಿಗೆ ಹೋದರು. ಪೆನ್ನು ವಾಪಸು ಕೇಳಲು ಕೊರಿಯರಿನವನಿಗೆ ಬಾಯಿ ಬರಲಿಲ್ಲ.