ಎಡೆಯ ಎಲುಬು

ಚಿಕ್ಕೋಡಿಯ ಕುಕ್ಕರ್ ರಿಪೇರಿ ಅಂಗಡಿಯಲ್ಲಿ ಸಮಾಧಾನ ಎಂಬ ಗಿರಾಕಿಯ ಸರದಿ ಬಂದಿತ್ತು. ಅಷ್ಟರಲ್ಲಿ ಒಬ್ಬ ಮುದುಕಿ ಮಗಳೊಂದಿಗೆ ಏದುಸಿರು ಬಿಡುತ್ತ ಬಂದಳು. ಆತ ಹಿಂದೆ ಸರಿದು ನಿಂತ.

“ರಬ್ಬರ ಲಗೂ ಬದ್ಲಿ ಮಾಡೋ ತಮ್ಮಾ. ಇವತ್ತ ನಮ್ಮ ಮನಿಯವ್ರು ತೀರಿಕೊಂಡ ದಿನಾ. ಮುಂಜಾನೆ ಎಡಿ ಇಟ್ಟೇವಿ, ಕಾಗಿ ಮುಟ್ಟವಲ್ದು.”

“ಅದಕ್ಕೂ ಕುಕ್ಕರಿಗೂ ಏನ ಸಂಬಂಧ ಬೇ ಯವ್ವಾ?” ಮಗಳು ಕೇಳಿದಳು.

“ಕುಕ್ಕರ ಕೆಟ್ಟೈತಂತ ನಿಮ್ಮ ಸೋದರತ್ತಿ ಎಲುಬ ಬೋಗುಣ್ಯಾಗ ಕುದಿಸ್ಯಾಳ, ಮೆತ್ತಗಾಗಿಲ್ಲ. ನಿಮ್ಮಪ್ಪಗ ಹಲ್ಲೆಲ್ಲಿ ಅದಾವ?”

“ತಿನ್ನೂದು ಕಾಗಿ ಅಲ್ಲೇನ?”

“ಕಾಗಿ ಆಗಿ ಬರಾವ್ರು ಅವ್ರ ಅಲ್ಲೇನ? ಹಲ್ಲ ಬಿದ್ದ ಮ್ಯಾಲ ನಾಕ ವರ್ಷ ಮೂವತ್ತ ಸೀಟಿ ಹೊಡಿಸಿ, ಬೆರಳಾಗ ಹಿಚುಕಿ ನೋಡೇ ಬಡಿಸೀನಿ.”

ಮಗಳು ತಾಯಿಯ ಜಾರಿದ ಸೆರಗನ್ನು ಸರಿಮಾಡಿದಳು.

“ಮುನ್ನೂರೈವತ್ತ ವರ್ಷದ ಹಿಂದ ಒಬ್ಬ ವಿಜ್ಞಾನಿ ಬಿಗಿ ಮುಚ್ಚಳದ ಪಾತ್ರ್ಯಾಗ ಹಿಂಗ ಎಲುಬ ಮೆತ್ತಗ ಮಾಡಿದ್ನಂತ. ನಾ ಓದಿ ಹೇಳಿದಾಗ ಅಪ್ಪ ಏನಂದಿದ್ದ, ನೆನಪೈತಿ?”

“‘ಪಾಪ, ಅವಗೂ ಹಲ್ಲ ಇರಲಿಲ್ಲೇನ’ ಅಂದಿದ್ರು.”

ಇಬ್ಬರೂ ನಕ್ಕರು. ತಾಯಿಯ ನಗು ನಡುವೆಯೇ ನಿಂತುಹೋಯಿತು.

ಅಂಗಡಿಯವನು ರಬ್ಬರ್ ಬದಲಿಸಿ ಕುಕ್ಕರ್ ಕೊಟ್ಟ.

“ಹಂಗೂ ಕಾಗಿ ಮುಟ್ಟದಿದ್ರ ಯವ್ವಾ?” ಮಗಳು ಕೇಳಿದಳು.

“ಇನ್ನೂ ಹತ್ತ ಸೀಟಿ ಹೊಡಸ್ತೀನಿ.”

ಮುದುಕಿ ಕುಕ್ಕರನ್ನು ಸೆರಗಿನಲ್ಲಿ ಸುತ್ತಿಕೊಂಡು ತಮ್ಮೂರು ಯಡೂರಿನ ಬಸ್ಸಿನ ಕಡೆಗೆ ಓಡಿದಳು.